ಚೀಲ ಹಗುರಾಯ್ತು, ಭಾರ ಎಲ್ಲಿಗೆ ಹೋಯ್ತು?

ಈಗ ಯಾವ ದೊಡ್ಡ ಅಂಗಡಿಗೆ ಹೋದ್ರೂ 'ಟ್ರಾವೆಲ್ ಕಿಟ್' ಅಂತ ಒಂದು ಮಾರ್ತಾರೆ, ನೀವೂ ನೋಡಿರ್ತೀರಿ. ಝಿಪ್ ಇರೋ ಪಾರದರ್ಶಕ ಚೀಲ, ಒಳಗೆ ಬೆರಳುದ್ದದ ನಾಲ್ಕು ಬಾಟಲಿ, ಮಕ್ಕಳ ಅಡುಗೆ ಆಟದ ಸಾಮಾನಿನಂಥ ಪೇಸ್ಟು, ಮಡಚೋ ಬ್ರಷ್ಷು. ಬೆಲೆ ನೋಡಿದ್ರೆ ಅದೇ ದುಡ್ಡಿಗೆ ಮನೆಮಂದಿಗೆಲ್ಲ ತಿಂಗಳ ಸೋಪು, ಶಾಂಪೂ ಬರುತ್ತೆ! ಒಂದೇ ಕ್ಯಾಬಿನ್ ಬ್ಯಾಗಿನಲ್ಲಿ ಊರೂರು ಸುತ್ತೋದು ನಮ್ಮ ಐಟಿ ಮಂದಿಗೆ ಒಂಥರಾ ವ್ರತ ಆಗಿಬಿಟ್ಟಿದೆ. ಒಳ್ಳೇ ವ್ರತವೇ, ನಾನೂ ಮಾಡ್ತೀನಿ. ಬೆಲ್ಟಿನ ಹತ್ರ ಮುಕ್ಕಾಲು ಗಂಟೆ ಸೂಟ್‌ಕೇಸಿಗೆ ಕಾಯೋದು ತಪ್ಪುತ್ತೆ, ಕೈ ಬೀಸ್ಕೊಂಡು ಹೊರಗೆ ಬರಬಹುದು. ನನ್ನ ತಕರಾರು ಏನಿದ್ರೂ ಈ ವ್ರತದ ಪೂಜಾ ಸಾಮಗ್ರಿ ಬಗ್ಗೆ.

ನಾನು ಹೇಳೋಕೆ ಹೊರಟಿರೋದು ಇಷ್ಟು. ಹಗುರಾಗಿ ಹೋಗೋಕೆ ಚಿಕ್ಕ ಚಿಕ್ಕ ಸಾಮಾನು ಕೊಳ್ಳಬೇಕಾಗಿಲ್ಲ, ನಮಗೆ ಎಷ್ಟು ಬೇಕು ಅನ್ನೋ ಲೆಕ್ಕ ಗೊತ್ತಿರಬೇಕು. ಜೊತೆಗೆ, ನಮ್ಮ ಚೀಲದಿಂದ ಇಳಿಸಿದ ಭಾರನ ಬೇರೆಯವರ ಊರಲ್ಲಿ ಸುರಿದು ಬರಬಾರದು.

ಮೊದಲು ಈ 100 ಮಿಲಿ ಕಥೆ. 2006ರ ಆಗಸ್ಟಿನಲ್ಲಿ, ಬ್ರಿಟನ್ನಿನಿಂದ ಅಟ್ಲಾಂಟಿಕ್ ದಾಟೋ ವಿಮಾನಗಳನ್ನ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ತುಂಬಿದ ದ್ರವ ಸ್ಫೋಟಕದಿಂದ ಉಡಾಯಿಸೋ ಸಂಚು ಬಯಲಾಯ್ತು. ಮೊದಲು ದ್ರವ ಪದಾರ್ಥಗಳಿಗೆಲ್ಲ ನಿಷೇಧ ಬಂತು. ಆಮೇಲೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕ, ನವೆಂಬರಿನಲ್ಲಿ ಯುರೋಪು ಸ್ವಲ್ಪ ಸಡಿಲ ಮಾಡಿ ಈಗಿನ ಲೆಕ್ಕ ತಂದವು. ಒಂದೊಂದು ಬಾಟಲಿ 100 ಮಿಲಿ ಒಳಗೆ, ಎಲ್ಲ ಸೇರಿ ಸುಮಾರು ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ. ಈಚೆಗೆ ಹೊಸ ಸ್ಕ್ಯಾನರ್ ಬಂದ ಕಡೆ ಇದು ಸಡಿಲ ಆಗ್ತಿದೆ. 2025ರಲ್ಲಿ ಎಡಿನ್‌ಬರ್ಗ್, ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣಗಳು 2 ಲೀಟರ್ ತನಕದ ಬಾಟಲಿಗೂ ಸರಿ ಅಂದವು. ಆದ್ರೆ ನೀವು ಹೋಗೋದು, ಬರೋದು, ನಡುವೆ ವಿಮಾನ ಬದಲಾಯಿಸೋದು ಎಲ್ಲ ಸೇರಿ ಮೂರ್ನಾಲ್ಕು ನಿಲ್ದಾಣ ಆಗುತ್ತಲ್ಲ, ಅದರಲ್ಲಿ ಅತಿ ಕಟ್ಟುನಿಟ್ಟಿನದು ಯಾವುದೋ ಅದರ ನಿಯಮವೇ ನಿಮ್ಮ ನಿಯಮ. ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಹಳೇ ಬ್ರೌಸರಿಗೆ ಕೋಡ್ ಬರೆದವರು ನಾವು :)

ಇಲ್ಲಿ ತುಂಬಾ ಜನ ಎಡವೋ ಜಾಗ ಎರಡು. ಒಂದು, ಅವರು ನೋಡೋದು ಬಾಟಲಿಯ ಅಳತೆ, ಒಳಗೆ ಉಳಿದಿರೋದರ ಅಳತೆ ಅಲ್ಲ. 200 ಮಿಲಿ ಬಾಟಲಿಯ ತಳದಲ್ಲಿ ಎರಡು ಚಮಚ ಶಾಂಪೂ ಇದ್ರೂ ಅದು ಕಸದ ಬುಟ್ಟಿಗೇ. ಎರಡು, ಪೇಸ್ಟು ಕೂಡ ಅವರ ಲೆಕ್ಕದಲ್ಲಿ ದ್ರವವೇ. ಪೇಸ್ಟಿನ ಮೇಲೆ ಗ್ರಾಂ ಬರೆದಿರ್ತಾರೆ. ಪೇಸ್ಟು ನೀರಿಗಿಂತ ದಪ್ಪ, ಒಂದು ಮಿಲಿಗೆ ಸುಮಾರು 1.3 ಗ್ರಾಂ ತೂಗುತ್ತೆ. ಹಾಗಾಗಿ 150 ಗ್ರಾಂ ಟ್ಯೂಬು ಅಂದ್ರೆ 115 ಮಿಲಿ ಹತ್ತಿರ. ಗೇಟಿನಲ್ಲಿ ನಿಂತು ಈ ಭಾಗಾಕಾರ ಮಾಡಿ ವಾದಿಸೋಕಿಂತ ಚಿಕ್ಕ ಟ್ಯೂಬು ಒಯ್ಯೋದು ವಾಸಿ.

ಈಗ ಅಸಲಿ ಲೆಕ್ಕ. ನನ್ನ ಕೂದಲು ಸೊಂಟದವರೆಗೆ ಇದೆ. "ನಿನಗೆ ಕ್ಯಾಬಿನ್ ಬ್ಯಾಗ್ ಆಗ್ಬರಲ್ಲ ಕಣೇ" ಅಂತ ಗೆಳತಿಯರು ನಗ್ತಿದ್ರು. ಹಾಗಾಗಿ ಮನೇಲಿ ಮಾತ್ರೆ ಸಿರಪ್ಪಿನ ಜೊತೆ ಬಂದ ಅಳತೆ ಮುಚ್ಚಳ ಹಿಡ್ಕೊಂಡು ಅಳೆದೆ. ಹತ್ತು ದಿನಕ್ಕೆ ಮೂರು ಸಲ ತಲೆಸ್ನಾನ, ಸಲಕ್ಕೆ 15 ಮಿಲಿಯಂತೆ ಶಾಂಪೂ 45 ಮಿಲಿ. ಕೊಬ್ಬರಿ ಎಣ್ಣೆ ಮೂರು ಸಲಕ್ಕೆ 30. ಮೈ-ಮುಖದ ಕ್ರೀಮು ದಿನಕ್ಕೆ 4ರಂತೆ 40. ಬಿಸಿಲಿನ ಕ್ರೀಮು ದಿನಕ್ಕೆ 3ರಂತೆ 30. ಪೇಸ್ಟು ದಿನಕ್ಕೆ ಎರಡು ಸಲ, ಸಲಕ್ಕೆ ಒಂದು ಗ್ರಾಂ, ಒಟ್ಟು 20 ಗ್ರಾಂ, ಅಂದ್ರೆ 15 ಮಿಲಿ. ಎಲ್ಲ ಕೂಡಿ ನೋಡಿ, 160 ಮಿಲಿ! ಒಂದು ಲೀಟರ್ ಚೀಲದಲ್ಲಿ ಆರನೇ ಒಂದು ಪಾಲೂ ತುಂಬಲ್ಲ. ಗೆಳತಿಯರು ಈಗ ನಗಲ್ಲ, ಅಳತೆ ಮುಚ್ಚಳ ಕೇಳ್ತಾರೆ.

ನೀವೂ ಒಂದು ವಾರ ಹೀಗೆ ಅಳೆದು ನೋಡಿ. ಒಮ್ಮೆ ಅಂಕಿ ಗೊತ್ತಾದ್ರೆ ಸಾಕು, 'ಯಾವುದಕ್ಕೂ ಇರ್ಲಿ' ಅನ್ನೋ ಭೂತ ಬಿಟ್ಟುಹೋಗುತ್ತೆ. ನಮ್ಮ ಚೀಲ ಭಾರ ಆಗೋದು ಸಾಮಾನಿನಿಂದ ಅಲ್ಲ ಮಾರಾಯ್ರೆ, ಈ 'ಇರ್ಲಿ'ಯಿಂದ.

ಬಾಟಲಿಗೂ ದುಡ್ಡು ಸುರಿಯೋದು ಬೇಡ. ಮನೇಲಿ ಖಾಲಿಯಾದ 30-50 ಮಿಲಿಯ ಪ್ಲಾಸ್ಟಿಕ್ ಬಾಟಲಿ ತೊಳೆದು ಒಣಗಿಸಿ, ಮೇಲೆ ಹೆಸರು ಬರೆದು ಅಂಟಿಸಿದ್ರೆ ಆಯ್ತು. ಕ್ರೀಮಿಗೆ ಕುಂಕುಮದ ಭರಣಿಯಷ್ಟು ಪುಟ್ಟ ತಿರುಪಿನ ಡಬ್ಬಿ ಸಾಕು. ಕೊಬ್ಬರಿ ಎಣ್ಣೆಗೂ ಅಂಥ ಅಗಲ ಬಾಯಿಯ ಡಬ್ಬಿಯೇ ಸರಿ. 24 ಡಿಗ್ರಿ ಆಸುಪಾಸಿನಿಂದ ಕೆಳಗಿಳಿದ್ರೆ ಅದು ಗಟ್ಟಿ ಆಗುತ್ತೆ, ಡಿಸೆಂಬರಿನ ಬೆಂಗಳೂರಲ್ಲೇ ಬಾಟಲಿಯಿಂದ ಬರಲ್ಲ, ಇನ್ನು ಚಳಿ ದೇಶದಲ್ಲಿ ಕೇಳೋದೇ ಬೇಡ. ಮಾತ್ರೆಗಳನ್ನ ಮಾತ್ರ ಹೀಗೆ ಡಬ್ಬಿ ಬದಲಾಯಿಸಬೇಡಿ, ಅವು ಅವುಗಳ ಸ್ಟ್ರಿಪ್ಪಿನಲ್ಲೇ, ಡಾಕ್ಟರ ಚೀಟಿಯ ಜೊತೆಗೇ ಇರ್ಲಿ.

ಸೋರುತ್ತಲ್ಲ ಅಂತೀರಾ? ಅದಕ್ಕೂ ಒಂದು ಫಿಸಿಕ್ಸ್ ಇದೆ. ವಿಮಾನ ಮೇಲೆ ಹೋದಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಹೆಚ್ಚೆಂದ್ರೆ 8000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯುತ್ತೆ. ಆಗ ಬಾಟಲಿಯೊಳಗೆ ಸಿಕ್ಕಿಹಾಕ್ಕೊಂಡಿರೋ ಗಾಳಿ ಹಿಗ್ಗಿ ಶಾಂಪೂನ ಹೊರಗೆ ದಬ್ಬುತ್ತೆ. ಬೆಂಗಳೂರು ಮೊದಲೇ 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿಂದ ಹೊರಟ ಗಾಳಿ ಐದನೇ ಒಂದು ಪಾಲು ಹಿಗ್ಗಬಹುದು. ಮಂಗಳೂರಿಂದ ಹೊರಟದ್ದಾದ್ರೆ ಮೂರನೇ ಒಂದು ಪಾಲು. ಮದ್ದು ಸುಲಭ. ಬಾಟಲಿ ಒತ್ತಿ ಗಾಳಿ ಹೊರಗೆ ಕಳಿಸಿ, ಒತ್ತಿಹಿಡಿದೇ ಮುಚ್ಚಳ ತಿರುಗಿಸಿ. ಅಷ್ಟೇ.

ದ್ರವವೇ ಬೇಡ ಅನ್ನೋರಿಗೆ ಇನ್ನೂ ಸುಲಭ, ನಮ್ಮ ಹಿರಿಯರು ಎಲ್ಲ ಮಾಡಿಟ್ಟಿದ್ದಾರೆ. ಬಾಡಿವಾಷ್ ಬದಲು ಒಂದು ಮೈಸೂರ್ ಸ್ಯಾಂಡಲ್ ಸೋಪನ್ನ ಚಾಕುವಿನಲ್ಲಿ ಅರ್ಧ ಮಾಡ್ಕೊಳ್ಳಿ, ಯಾವ ಸ್ಕ್ಯಾನರೂ ಕೇಳಲ್ಲ. ನಂಜನಗೂಡು ಹಲ್ಲುಪುಡಿ ಪೊಟ್ಟಣ ಇದೆ (1913ರಲ್ಲಿ ಶುರುವಾದ ಸದ್ವೈದ್ಯಶಾಲೆಯದು). ಡಾಕ್ಟರು ಫ್ಲೋರೈಡ್ ಪೇಸ್ಟೇ ಬೇಕು ಅಂದಿದ್ರೆ ಪೇಸ್ಟೇ ಒಯ್ಯಿರಿ. ತಲೆಗೆ ಸೀಗೆಪುಡಿ ಇದೆ. ಪುಡಿಗೂ ಒಂದು ಮಿತಿ ಉಂಟು, 2018ರಿಂದ ಅಮೆರಿಕಕ್ಕೆ ಹೋಗೋ ವಿಮಾನದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ರೆ ತಪಾಸಣೆ ಜಾಸ್ತಿ. ಅಷ್ಟೊಂದು ಸೀಗೆಪುಡಿ ಹೊರೋರು ಯಾರು? ಇನ್ನು ಟವೆಲ್ಲು. ನೂರಾರು ರೂಪಾಯಿ ಕೊಟ್ಟು 'ಬೇಗ ಒಣಗೋ ಟ್ರಾವೆಲ್ ಟವೆಲ್' ತರ್ತೀವಿ, ಮನೆಯ ಹಗ್ಗದ ಮೇಲೆ ಅಜ್ಜನ ಪಾಣಿಪಂಚೆ ಒಂದು ಗಂಟೇಲಿ ಒಣಗಿ ನೇತಾಡ್ತಿರುತ್ತೆ!

ಇಷ್ಟು ಹೊತ್ತು ವಿಮಾನದ ಮಾತಾಯ್ತು. ನಿಜ ಹೇಳಬೇಕಂದ್ರೆ ನಮ್ಮಲ್ಲಿ ಹೆಚ್ಚಿನವರು ವಿಮಾನ ಹತ್ತೋದು ವರ್ಷಕ್ಕೆ ಒಂದೆರಡು ಸಲ. ಶುಕ್ರವಾರ ರಾತ್ರಿ ಬೆನ್ನಿಗೊಂದು ಚೀಲ ಹಾಕ್ಕೊಂಡು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತೋದೇ ಜಾಸ್ತಿ. ಅಲ್ಲಿ 100 ಮಿಲಿ ನಿಯಮ ಇಲ್ಲ. ಅದಕ್ಕೇ ನಮ್ಮ ಸುಲಭ ಉಪಾಯ ಶಾಂಪೂ ಪ್ಯಾಕೆಟ್ಟು. ಒಂದೋ ಎರಡೋ ರೂಪಾಯಿ, ತೂಕವೇ ಇಲ್ಲ, ಹರಿ, ಹಾಕ್ಕೋ, ಬಿಸಾಕು. ಇಲ್ಲೇ ನನ್ನ ಜಗಳ ಇರೋದು.

ಶಾಂಪೂ ಪ್ಯಾಕೆಟ್ಟು ಹುಟ್ಟಿದ್ದು ಒಳ್ಳೇ ಕಾರಣಕ್ಕೆ. ಕಡಲೂರಿನಲ್ಲಿ 1983ರಲ್ಲಿ ಶುರುವಾದ ಚಿಕ್‌ನಂಥ ಶಾಂಪೂಗಳು ಬಾಟಲಿ ಕೊಳ್ಳೋಕಾಗದವರ ಕೈಗೂ ಎಟುಕಿದ್ದು ಈ ಪ್ಯಾಕೆಟ್ಟಿನಿಂದ. ದಿನಗೂಲಿಯವರು ಆವತ್ತಿನ ದುಡ್ಡಲ್ಲಿ ಆವತ್ತಿನದನ್ನ ಕೊಳ್ತಾರೆ, ಅವರನ್ನ ಯಾವ ಬಾಯಲ್ಲಿ ಬಯ್ಯೋದು? ಆದ್ರೆ ತಿಂಗಳ ಸಂಬಳ ಎಣಿಸೋ ನಾವು ಅದನ್ನ ಕೊಳ್ಳೋದು ಬಡತನಕ್ಕಲ್ಲ, ಬಾಟಲಿ ತುಂಬಿಸ್ಕೊಳ್ಳೋ ಸೋಮಾರಿತನಕ್ಕೆ. ಆ ಪ್ಯಾಕೆಟ್ಟು ಒಂದೇ ಪ್ಲಾಸ್ಟಿಕ್ ಅಲ್ಲ, ಬೇರೆ ಬೇರೆ ಪದರಗಳನ್ನ ಅಂಟಿಸಿ ಮಾಡಿದ್ದು. ಬಿಡಿಸಿ ಕರಗಿಸೋದು ಕಷ್ಟ. ಆಯೋರಿಗೂ ಅದರಿಂದ ಕಾಸು ಹುಟ್ಟಲ್ಲ, ಹಾಗಾಗಿ ಆಯಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ಒಂದೇ ಸಲ ಬಳಸೋ ಪ್ಲಾಸ್ಟಿಕ್ ಸಾಮಾನು ನಿಷೇಧ ಆಯ್ತಲ್ಲ, ಚಮಚ, ಲೋಟ, ತಟ್ಟೆ ಎಲ್ಲ ಇದ್ದ ಆ ಪಟ್ಟಿಯಲ್ಲಿ ಶಾಂಪೂ ಪ್ಯಾಕೆಟ್ಟು ಇರಲಿಲ್ಲ.

ಹಾಗಾದ್ರೆ ಅವೆಲ್ಲ ಎಲ್ಲಿಗೆ ಹೋಗುತ್ತೆ? ಯಾವುದಾದ್ರೂ ಕ್ಷೇತ್ರದ ಸ್ನಾನಘಟ್ಟದಲ್ಲಿ ಮೆಟ್ಟಿಲ ಸಂದಿ ನೋಡಿ. ದೇವರ ದರ್ಶನಕ್ಕೆ ಮೊದಲು ಹೊಳೇಲಿ ಮುಳುಗಿದವರ ಹರಿದ ಪ್ಯಾಕೆಟ್ಟು, ಸೋಪಿನ ಕಾಗದ, ಬಿಟ್ಟುಹೋದ ಬಟ್ಟೆ. ಇದು ಎಷ್ಟು ವಿಪರೀತಕ್ಕೆ ಹೋಯ್ತಂದ್ರೆ, 2025ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು, ತೀರ್ಥಕ್ಷೇತ್ರಗಳ ನದಿ, ಕೆರೆಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರೋದನ್ನ ತಡೆಯಿರಿ ಅಂತ ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಅಂಗಡಿಯವನನ್ನ 500 ಮೀಟರ್ ಆಚೆ ಕಳಿಸಬಹುದು. ಬೆಂಗಳೂರಿಂದಲೇ ಚೀಲದಲ್ಲಿ ತುಂಬ್ಕೊಂಡು ಬರೋ ನಮ್ಮನ್ನ ಯಾರು ತಡೀತಾರೆ?

ಪ್ಯಾಕೆಟ್ಟು ಒಂದೇ ಅಲ್ಲ, ನೊರೆಯೂ ಅಷ್ಟೇ. 'ಪರಿಸರ ಸ್ನೇಹಿ' ಅಂತ ಬರೆದ ಸೋಪಾದ್ರೂ ಹೊಳೆಯೊಳಗೆ ಹಾಕೋ ಹಾಗಿಲ್ಲ. ಅದು ಕೊಳೆಯೋದಕ್ಕೆ ಮಣ್ಣು ಬೇಕು, ಸಮಯ ಬೇಕು. ಚಾರಣಿಗರಲ್ಲಿ ಒಂದು ಒಳ್ಳೇ ಪದ್ಧತಿ ಇದೆ, ನೀರಿಂದ 60 ಮೀಟರ್ ದೂರಕ್ಕೆ ನೀರು ಒಯ್ದು ತೊಳ್ಕೊಳ್ಳೋದು. ಹೊಳೇಲಿ ಬರೀ ಮುಳುಗಿ ಏಳೋಣ, ಸೋಪು ರೂಮಿನ ಬಚ್ಚಲಿಗೆ ಇರ್ಲಿ. ಪುಣ್ಯ ಏನೂ ಕಡಿಮೆ ಆಗಲ್ಲ.

"ಹೋಟೆಲಿನಲ್ಲೇ ಎಲ್ಲ ಕೊಡ್ತಾರಲ್ಲ, ಹೊರೋದ್ಯಾಕೆ" ಅನ್ನೋರಿದ್ದಾರೆ. ಆ ಪುಟ್ಟ ಬಾಟಲಿಗಳದ್ದೂ ಇದೇ ಕಥೆ. ಅರ್ಧ ಬಳಸಿ ಹೊರಟ್ರೆ ಉಳಿದದ್ದು ಕಸಕ್ಕೆ. ಕ್ಯಾಲಿಫೋರ್ನಿಯಾ 2019ರಲ್ಲೇ ಇದಕ್ಕೊಂದು ಕಾನೂನು ಮಾಡ್ತು, ದೊಡ್ಡ ಹೋಟೆಲುಗಳು 2023ರಿಂದ, ಚಿಕ್ಕವು 2024ರಿಂದ ಇಂಥ ಬಾಟಲಿ ಇಡೋ ಹಾಗಿಲ್ಲ. ಗೋಡೆಗೆ ದೊಡ್ಡ ಬಾಟಲಿ ಸಿಕ್ಕಿಸಿರೋ ಕಡೆ ಧಾರಾಳವಾಗಿ ಬಳಸಿ, ಅದು ಬುದ್ಧಿವಂತಿಕೆ. ಪುಟ್ಟ ಬಾಟಲಿ ಒಡೆದ್ರೆ ಮಾತ್ರ ಬಿಟ್ಟುಬರಬೇಡಿ, ಮುಂದಿನ ಪ್ರಯಾಣಕ್ಕೆ ಅದೇ ನಿಮ್ಮ ಶಾಂಪೂ ಬಾಟಲಿ. ಬಿಟ್ಟಿಯಾಗಿ ಟ್ರಾವೆಲ್ ಕಿಟ್ ಸಿಕ್ಕಿತು ನೋಡಿ :)

ನನ್ನ ಲೆಕ್ಕದಲ್ಲಿ ಚೀಲ ಹಗುರಾಯ್ತು ಅಂತ ಹೇಳೋಕೆ ಒಂದು ಪರೀಕ್ಷೆ ಇದೆ. ಹೋಗುವಾಗ ಎಷ್ಟು ಡಬ್ಬಿ, ಬಾಟಲಿ ಇದ್ದವೋ ಬರುವಾಗಲೂ ಅಷ್ಟೇ ಇರಬೇಕು, ಖಾಲಿಯಾಗಿ. ಒಂದು ಕಡಿಮೆ ಇದ್ರೆ ಅದು ಯಾವುದೋ ಊರಿನ ಚರಂಡಿಯಲ್ಲೋ ಹೊಳೆಯಲ್ಲೋ ಇದೆ ಅಂತ ಅರ್ಥ. 160 ಮಿಲಿ ಹೊರೋಕೆ ನಮಗೆ ಬೆನ್ನಿಲ್ವಾ? ನಿಮ್ಮ ಹತ್ತು ದಿನದ ಲೆಕ್ಕ ಎಷ್ಟು ಬಂತು ಅಂತ ಹೇಳಿ, ನನ್ನದಕ್ಕಿಂತ ಕಡಿಮೆ ಬಂದವರಿಗೆ ಅರ್ಧ ಮೈಸೂರ್ ಸ್ಯಾಂಡಲ್ ಬಹುಮಾನ. ಇನ್ನರ್ಧ ನನ್ನ ಚೀಲದಲ್ಲಿದೆ.