ಜೆರಾಕ್ಸ್ ಅಂಗಡಿಯ ಮುಂದಿನ ಸಾಲು

ಪರೀಕ್ಷೆ ಹತ್ತಿರವಾದಂತೆ ನಮ್ಮೂರ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಬೀಡಿ ಕಟ್ಟುವ ತಾಯಂದಿರ, ಗಾರೆ ಕೆಲಸದ ತಂದೆಯರ ಮಕ್ಕಳು ಎರಡು ಅಧ್ಯಾಯಗಳನ್ನಷ್ಟೇ ನಕಲು ಮಾಡಿಸಿಕೊಂಡು ಹೋಗುತ್ತಾರೆ. ಇಡೀ ಪುಸ್ತಕ ಕೊಂಡರೆ ಮನೆಯ ದಿನಸಿಗೆ ಕತ್ತರಿ. ಈ ಮಕ್ಕಳನ್ನು ಕಳ್ಳರೆನ್ನುವವರಿಗೆ ದೆಹಲಿಯ ಒಂದು ಮೊಕದ್ದಮೆಯನ್ನು ನೆನಪಿಸಬೇಕಾಗಿದೆ.

2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಹಾಗೂ ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ರಾಮೇಶ್ವರಿ ಎಂಬ ಪುಟ್ಟ ಜೆರಾಕ್ಸ್ ಅಂಗಡಿಯ ಮೇಲೆ, ಜೊತೆಗೆ ದೆಹಲಿ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವು. ಅಧ್ಯಾಪಕರು ಗುರುತಿಸಿದ ಪುಟಗಳನ್ನು ನಕಲು ಮಾಡಿ ಕಟ್ಟಿಕೊಟ್ಟದ್ದೇ ಅಪರಾಧ! 2016ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ದಾವೆಯನ್ನು ವಜಾ ಮಾಡಿತು. ಕೃತಿಸ್ವಾಮ್ಯ ದೈವದತ್ತ ಹಕ್ಕಲ್ಲ ಎಂದಿತು. ಡಿಸೆಂಬರಿನಲ್ಲಿ ಮೇಲ್ಮನವಿ ಆಲಿಸಿದ ಪೀಠ, ಬೋಧನೆಗೆ ಅಗತ್ಯವಿದ್ದಷ್ಟು ನಕಲು ಮಾಡಬಹುದೆಂದು ಹೇಳಿ, ಅಗತ್ಯವೆಷ್ಟಿತ್ತು ಎಂಬುದನ್ನು ವಿಚಾರಣೆಗೆ ಬಿಟ್ಟಿತು. 2017ರಲ್ಲಿ ಪ್ರಕಾಶಕರೇ ಹಿಂದೆ ಸರಿದರು.

ಆದರೆ ಅಲ್ಲಿ ಉಳಿದದ್ದು ನಕಲು ಮಾಡುವ ಹಕ್ಕು ಮಾತ್ರ. ಕನ್ನಡದಲ್ಲಿ ಓದಿ ಬಂದ ನಮ್ಮ ಹುಡುಗಿಗೆ ಅರ್ಥವಾಗದ ಇಂಗ್ಲಿಷ್ ಪುಸ್ತಕದ ನಕಲಿನಿಂದ ಏನು ಪ್ರಯೋಜನ? ಅವಳು ಕೊನೆಗೆ ಗೈಡಿಗೆ ಮೊರೆ ಹೋಗುತ್ತಾಳೆ.

ಇದಕ್ಕೆ ದಾರಿಯಿದೆ. ಯಾರು ಬೇಕಾದರೂ ಉಚಿತವಾಗಿ ಓದಬಹುದು, ಹಂಚಬಹುದು, ತಿದ್ದಬಹುದು, ಅನುವಾದಿಸಬಹುದು ಎಂದು ಮೊದಲೇ ಅನುಮತಿ ಕೊಟ್ಟ ಪಠ್ಯಕ್ಕೆ ಯುನೆಸ್ಕೊ 2002ರಲ್ಲಿ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಕೊಟ್ಟಿತು. ಅಮೆರಿಕದ ರೈಸ್ ವಿಶ್ವವಿದ್ಯಾಲಯ 2012ರಿಂದ ಓಪನ್‌ಸ್ಟ್ಯಾಕ್ಸ್ ಹೆಸರಿನಲ್ಲಿ ಕಾಲೇಜು ಪಠ್ಯಗಳನ್ನು ಹೀಗೆ ಕೊಡುತ್ತಿದೆ. ನಮ್ಮ ವಿಶ್ವವಿದ್ಯಾಲಯಗಳಿಗೆ ಅಡ್ಡಿ ಏನು?

ಬರೆಯುವವರ ಹೊಟ್ಟೆಪಾಡಿನ ಮಾತು ಬರುತ್ತದೆ. ಕತೆ ಬರೆಯುವ ನಾವು ಸಂಭಾವನೆಯ ಕಷ್ಟವನ್ನು ಬಲ್ಲೆವು. ಕತೆಗಾರನ ಹಕ್ಕು ಕತೆಗಾರನಿಗೇ ಇರಲಿ. ಆದರೆ ಸರ್ಕಾರದ ಸಂಬಳ, ಅನುದಾನಗಳಿಂದ ಸಿದ್ಧವಾದ ಪಠ್ಯಕ್ಕೆ ಜನ ತೆರಿಗೆಯಲ್ಲಿ ಒಮ್ಮೆ ಬೆಲೆ ತೆತ್ತಾಗಿದೆ. ಮತ್ತೆ ಅಂಗಡಿಯಲ್ಲಿ ಯಾಕೆ ತೆರಬೇಕು? ಬರೆದುಕೊಡುವ ಅತಿಥಿ ಉಪನ್ಯಾಸಕರಿಗೆ ಒಳ್ಳೆಯ ಸಂಭಾವನೆಯನ್ನೇ ಕೊಡಿ. ಆಮೇಲೆ ಪುಸ್ತಕಕ್ಕೆ ಬೀಗ ಹಾಕಬೇಡಿ.

ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಉನ್ನತ ವಿದ್ಯೆ ಕನ್ನಡದಲ್ಲಿ ಸಿಗಬೇಕೆಂದು ಹಟ ಹಿಡಿದವರು ಅವರು. ಅವರ ಚಿತ್ರಕ್ಕೆ ಹಾರ ಹಾಕುವ ವಿಶ್ವವಿದ್ಯಾಲಯಗಳು ತಮ್ಮ ಪ್ರಸಾರಾಂಗಗಳ ಗೋದಾಮು ತೆರೆಯಲಿ. ಬರೆದವರನ್ನು ಒಪ್ಪಿಸಿ, ಹಳೆಯ ಕನ್ನಡ ಪಠ್ಯಗಳನ್ನು ತಿದ್ದಿ, ಮುಕ್ತವಾಗಿ ಹಂಚಲಿ. ಜೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಂತ ಮಕ್ಕಳು ಕಳ್ಳರಲ್ಲ. ಅವರ ಪಾಲಿನ ಪುಸ್ತಕವನ್ನು ಬೀಗದೊಳಗೆ ಇಟ್ಟುಕೊಂಡವರು ಉತ್ತರ ಕೊಡಬೇಕಾಗಿದೆ.