ಮದುವೆಯ ಜವಳಿಗೊಂದು ಮುಂಗಡ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಅರ್ಥ ಜವಳಿ ಅಂಗಡಿಯಲ್ಲಿ ಕುಳಿತ ಕುಟುಂಬಕ್ಕೆ ಚೆನ್ನಾಗಿ ಮನವರಿಕೆಯಾಗುತ್ತದೆ. ಛತ್ರದ ಬಾಡಿಗೆ ಹಾಗೂ ಅಡುಗೆಯವರ ದರ ಮೊದಲೇ ನಿಗದಿಯಾಗಿರುತ್ತವೆ. ಒಡವೆಯ ಲೆಕ್ಕ ಗ್ರಾಂಗಳಲ್ಲಿ ದೊರೆಯುತ್ತದೆ. ಬಟ್ಟೆ ಮತ್ತು ಪಾದರಕ್ಷೆಗಳ ವೆಚ್ಚ ಮಾತ್ರ ಅಂಗಡಿಯೊಳಗೆ ಕಾಲಿಟ್ಟ ಮೇಲೆ ನಿರ್ಧಾರವಾಗುತ್ತದೆ. ಈ ಅನಿಶ್ಚಿತತೆಯೇ ವ್ಯಾಪಾರಕ್ಕೆ ಲಾಭದಾಯಕವೆಂಬ ನಂಬಿಕೆ ವರ್ತಕರಲ್ಲಿ ಅನೇಕರಿಗಿದೆ. ಅದು ಪುನರ್ವಿಮರ್ಶೆಗೆ ಅರ್ಹವಾದ ನಂಬಿಕೆ. ಖರ್ಚಿನ ಮಿತಿಯನ್ನು ಮೊದಲೇ ತಿಳಿಸುವ ಗ್ರಾಹಕನು ಅಂಗಡಿಗೆ ಹೊರೆಯಲ್ಲ. ಉದ್ರಿ ಹೇಳದೆ ಹಣ ಪಾವತಿಸಿ ಮತ್ತೆ ಬರುವವನು ಅವನೇ.

ಒಂದು ಕುಟುಂಬವು ಬಟ್ಟೆ ಹಾಗೂ ಪಾದರಕ್ಷೆಗಳಿಗೆ ಒಟ್ಟು 1,00,000 ರೂಪಾಯಿ ಮೀಸಲಿಟ್ಟಿದೆ ಎಂದು ಭಾವಿಸಬಹುದು. ಧಾರೆ ಸೀರೆಗೆ 28,000, ಆರತಕ್ಷತೆಯ ಉಡುಪಿಗೆ 15,000, ವರನ ಉಡುಪುಗಳಿಗೆ 17,000, ಬಂಧುಬಳಗದ ಉಡುಗೊರೆಗೆ 25,000, ಹೊಲಿಗೆಗೆ 5,000, ಪಾದರಕ್ಷೆಗೆ 5,000 ಹಂಚಿದರೆ 5,000 ರೂಪಾಯಿ ತುರ್ತಿಗೆ ಉಳಿಯುತ್ತದೆ. ಇಂತಹ ಹಂಚಿಕೆಯನ್ನು ಕಾಗದದ ಮೇಲೆ ಬರೆಯದೆ ಹೊರಟ ಕುಟುಂಬವು ಧಾರೆ ಸೀರೆಗೇ 50,000 ವ್ಯಯಿಸಿ, ಉಳಿದುದಕ್ಕೆ ಸಾಲ ಮಾಡುತ್ತದೆ. ಆ ಸಾಲದ ಒಂದು ಪಾಲು ಉದ್ರಿಯಾಗಿ ಅಂಗಡಿಯ ಬಾಕಿ ಪುಸ್ತಕದಲ್ಲೇ ಕುಳಿತುಕೊಳ್ಳುತ್ತದೆ.

ಆಯವ್ಯಯ ತಪ್ಪುವುದು ಸೀರೆಯ ಬೆಲೆಯಿಂದ ಮಾತ್ರವಲ್ಲ. ರವಿಕೆಯ ಹೊಲಿಗೆ, ಅದರ ಮೇಲಿನ ಕಸೂತಿ, ಸೀರೆಯ ಫಾಲ್, ಸೆರಗಿನ ಕುಚ್ಚು ಇವುಗಳ ವೆಚ್ಚವನ್ನು ಯಾರೂ ಮೊದಲು ಹೇಳುವುದಿಲ್ಲ. ಭಾರಿ ಕಸೂತಿಯ ರವಿಕೆಯು ಸೀರೆಯ ಬೆಲೆಯನ್ನೇ ಮೀರುವ ಸಂದರ್ಭಗಳೂ ಇವೆ.

ಬಳಕೆಯ ದೃಷ್ಟಿಯಿಂದಲೂ ಲೆಕ್ಕ ಹಾಕುವುದು ಸೂಕ್ತ. 28,000 ರೂಪಾಯಿಯ ಧಾರೆ ಸೀರೆಯನ್ನು ಮುಂದೆ ಸೀಮಂತ, ನಾಮಕರಣ, ಗೃಹಪ್ರವೇಶವೆಂದು ಒಟ್ಟು 14 ಬಾರಿ ಉಟ್ಟರೆ ಒಂದು ಬಾರಿಯ ವೆಚ್ಚ 2,000 ರೂಪಾಯಿ. 15,000 ರೂಪಾಯಿಯ ಲೆಹೆಂಗಾವನ್ನು ಒಮ್ಮೆ ಮಾತ್ರ ತೊಟ್ಟರೆ ಆ ಒಂದು ಸಂಜೆಯ ವೆಚ್ಚವೇ 15,000. ಒಂದೇ ದಿನದ ಶೇರ್ವಾನಿ ಅಥವಾ ಲೆಹೆಂಗಾವನ್ನು ಬಾಡಿಗೆಗೆ ಪಡೆಯುವುದರಲ್ಲಿ ಗೌರವಕ್ಕೆ ಚ್ಯುತಿಯೇನೂ ಇಲ್ಲ.

ತೆರಿಗೆಯ ವ್ಯತ್ಯಾಸವೂ ಗಮನಾರ್ಹ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ ರೇಷ್ಮೆ ಸೀರೆಗೆ ಬೆಲೆ ಎಷ್ಟೇ ಇರಲಿ ಶೇ. 5 ತೆರಿಗೆ. ಸಿದ್ಧ ಉಡುಪಿಗಾದರೆ ಒಂದಕ್ಕೆ 2,500 ರೂಪಾಯಿಯವರೆಗೆ ಶೇ. 5, ಅದನ್ನು ಮೀರಿದರೆ ಶೇ. 18. ಹೀಗಾಗಿ 20,000 ರೂಪಾಯಿಯ ಸೀರೆಗೆ 1,000 ರೂಪಾಯಿ ತೆರಿಗೆಯಾದರೆ, ಅದೇ ಬೆಲೆಯ ಲೆಹೆಂಗಾಕ್ಕೆ 3,600 ರೂಪಾಯಿ. ಪಾದರಕ್ಷೆಗೂ ಜೋಡಿಗೆ 2,500 ರೂಪಾಯಿಯ ಇದೇ ಮಿತಿ ಅನ್ವಯಿಸುತ್ತದೆ. ತೆರಿಗೆ ಸೇರುವ ಮುನ್ನ 2,500 ರೂಪಾಯಿ ಬೆಲೆಯ ಜೋಡಿಗೆ ಗ್ರಾಹಕ ತೆರುವುದು 2,625. 2,600ರ ಜೋಡಿಗೆ 3,068. ಮೂಲಬೆಲೆಯ ನೂರು ರೂಪಾಯಿ ವ್ಯತ್ಯಾಸವು ಜೇಬಿನಿಂದ 443 ರೂಪಾಯಿಯನ್ನು ಹೊರಡಿಸುತ್ತದೆ. ಇದನ್ನು ತಾನಾಗಿಯೇ ತಿಳಿಸುವ ವರ್ತಕನ ಮಾತಿಗೆ ಗ್ರಾಹಕನು ಮುಂದೆಯೂ ಬೆಲೆ ಕೊಡುತ್ತಾನೆ.

ಪಾದರಕ್ಷೆಯ ಆಯ್ಕೆಯಲ್ಲಿ ಇನ್ನೊಂದು ಸಂಗತಿ ಇದೆ. ಹಿಂದೂ ವಿವಾಹದಲ್ಲಿ ಧಾರೆ, ಮಾಂಗಲ್ಯಧಾರಣೆ, ಸಪ್ತಪದಿಗಳು ಬರಿಗಾಲಿನಲ್ಲಿ ನಡೆಯುತ್ತವೆ. ದುಬಾರಿ ಜೋಡಿಯ ಉಪಯೋಗ ಬಹುಪಾಲು ಆರತಕ್ಷತೆಗೆ ಸೀಮಿತ. ಅಲ್ಲಿ ವಧೂವರರು ಗಂಟೆಗಟ್ಟಲೆ ನಿಲ್ಲಬೇಕಾದುದರಿಂದ ಹಿಮ್ಮಡಿಯ ಎತ್ತರಕ್ಕಿಂತ ಪಾದದ ಸುಖ ಮುಖ್ಯ. ಸಂಜೆಯ ವೇಳೆಗೆ ಪಾದಗಳು ತುಸು ಊದಿಕೊಳ್ಳುವುದರಿಂದ ಸಂಜೆಯೇ ಅಳತೆ ನೋಡುವುದು ಒಳಿತು. ಲೆಹೆಂಗಾದ ಅಂಚನ್ನು ಮಡಿಸಿ ಹೊಲಿಸುವ ಮೊದಲೇ ಪಾದರಕ್ಷೆ ಖರೀದಿಸಿದರೆ ಎರಡನೆಯ ಹೊಲಿಗೆಯ ಖರ್ಚು ತಪ್ಪುತ್ತದೆ.

ಗುಣಮಟ್ಟದ ವಿಷಯದಲ್ಲಿ ಸ್ಪಷ್ಟತೆ ಇನ್ನೂ ಅಗತ್ಯ. ಕೇಂದ್ರ ರೇಷ್ಮೆ ಮಂಡಳಿಯ ಪ್ರೋತ್ಸಾಹದಿಂದ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿಯು ರೇಷ್ಮೆಯ ಶುದ್ಧತೆಯನ್ನು ಸೂಚಿಸುತ್ತದೆ. ಜರಿಯ ವಿಷಯ ಬೇರೆ. ಬೆಳ್ಳಿಯ ಎಳೆಗೆ ಚಿನ್ನದ ಲೇಪವಿರುವ ಜರಿಗೂ ಕೃತಕ ಜರಿಗೂ ಬೆಲೆಯಲ್ಲಿ ಅಪಾರ ಅಂತರವಿದೆ. ಹಳೆಯದಾದ ಮೇಲೆ ಮೊದಲನೆಯದಕ್ಕೆ ಬೆಳ್ಳಿಯ ಬೆಲೆಯಾದರೂ ದೊರೆಯುತ್ತದೆ, ಎರಡನೆಯದಕ್ಕೆ ಏನೂ ಇಲ್ಲ. ಕಡಿಮೆ ಆಯವ್ಯಯದವರಿಗೆ ಕೃತಕ ಜರಿಯ ಸೀರೆ ಮಾರುವುದು ತಪ್ಪಲ್ಲ. ಅದನ್ನು ಅಸಲಿ ಜರಿಯೆಂದು ನಂಬಿಸುವುದು ತಪ್ಪು.

ಇವೆಲ್ಲವನ್ನೂ ಹೇಳುತ್ತ ಕುಳಿತರೆ ವ್ಯಾಪಾರ ಕುಗ್ಗುವುದೆಂಬ ಆಕ್ಷೇಪ ಸಹಜ. ಮದುವೆಯ ಕಾಲದ ದಟ್ಟಣೆ, ಸಿಬ್ಬಂದಿಯ ಕೊರತೆ, ಪಕ್ಕದ ಅಂಗಡಿಯ ರಿಯಾಯಿತಿ ಫಲಕ ಇವು ನಿಜವಾದ ತೊಡಕುಗಳೇ. ಆದರೆ ಒಂದು ಸೀರೆಯಲ್ಲಿ ಹೆಚ್ಚು ಗಳಿಸಿದ ಅಂಗಡಿಯು ಆ ಮನೆಯ ಎರಡನೆಯ ಮದುವೆಯ ಜವಳಿಯನ್ನು ಕಳೆದುಕೊಂಡರೆ ಲೆಕ್ಕದಲ್ಲಿ ಅದು ನಷ್ಟವೇ. ಕಾನೂನೂ ಈ ದಿಕ್ಕಿನಲ್ಲಿಯೇ ಸಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಪೂರಿತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲವೆಂದು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಈ ಹೊಣೆ ತಪ್ಪದು.

ಆದುದರಿಂದ ಜವಳಿ ಹಾಗೂ ಪಾದರಕ್ಷೆ ವರ್ತಕರು ಮುಂದಿನ ಮದುವೆಯ ಋತುವಿಗೆ ಮುನ್ನ ಮೂರು ಕ್ರಮಗಳನ್ನು ಕೈಗೊಳ್ಳುವುದು ಅಪೇಕ್ಷಣೀಯ. ಒಂದು, ಗ್ರಾಹಕನ ಒಟ್ಟು ಮಿತಿಯನ್ನು ಮೊದಲೇ ಕೇಳಿ, ತೆರಿಗೆ ಮತ್ತು ಹೊಲಿಗೆಯೂ ಸೇರಿದ ಅಂದಾಜು ಪಟ್ಟಿಯನ್ನು ಬರೆದುಕೊಡುವುದು. ಎರಡು, ರೇಷ್ಮೆ ಮತ್ತು ಜರಿಯ ಬಗೆಯನ್ನು ಬಿಲ್ಲಿನಲ್ಲಿಯೇ ನಮೂದಿಸುವುದು. ಮೂರು, ಬಳಸದ ಉಡುಗೊರೆ ಸೀರೆ ಹಾಗೂ ಪಾದರಕ್ಷೆಗಳ ಬದಲಾವಣೆಗೆ ದಿನಗಳ ಗಡುವನ್ನು ಅಚ್ಚು ಹಾಕಿಸುವುದು. ಇವುಗಳಿಗೆ ಹೊಸ ಬಂಡವಾಳ ಬೇಕಿಲ್ಲ. ಒಂದು ಬಿಲ್ ಪುಸ್ತಕ ಮತ್ತು ಸಿಬ್ಬಂದಿಗೆ ಒಂದು ದಿನದ ತಿಳಿವಳಿಕೆ ಸಾಕು.