ಯಡ್ರಾಮಿಗೆ ಸಿಗ್ನಲ್ ಬರಬೇಕಾದರೆ ದಿಲ್ಲಿಯಲ್ಲಿ ಮಾತು ನಡೆಯಬೇಕು

ನಮ್ಮಕ್ಕ ಬಿ.ಎ., ಬಿ.ಇಡಿ ಮುಗಿಸಿ ಎರಡು ವರ್ಷದಿಂದ ನೌಕರಿಗಾಗಿ ಓದುತ್ತಿದ್ದಾಳೆ. ಕಳೆದ ವರ್ಷ ಒಂದು ಹುದ್ದೆಗೆ ಅರ್ಜಿ ಹಾಕಲು ಕೊನೆಯ ದಿನ. ಪ್ರಮಾಣಪತ್ರವೊಂದು ಕೈಗೆ ಬಂದದ್ದೇ ಹಿಂದಿನ ದಿನವಾದ್ದರಿಂದ ಮೊದಲೇ ಅರ್ಜಿ ಹಾಕಲು ಆಗಿರಲಿಲ್ಲ. ಫೋಟೊ, ಸಹಿ, ಅಂಕಪಟ್ಟಿ ಎಲ್ಲ ಅಪ್‌ಲೋಡ್ ಆದವು. ಶುಲ್ಕ ಕಟ್ಟುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಮಾಳಿಗೆ ಹತ್ತಿ ನೋಡಿದಳು, ಬರಲಿಲ್ಲ. ಆನ್‌ಲೈನ್ ಅಂಗಡಿಗೆ ಓಡಿದಳು. ‘ನೆಟ್ಟೇ ಬರವಲ್ದು ಅಕ್ಕಾ, ನಾ ಏನ್ ಮಾಡ್ಲಿ?’ ಎಂದ ಅಂಗಡಿಯವ. ರಾತ್ರಿ ಹನ್ನೆರಡು ದಾಟಿತು. ಅರ್ಜಿ ಹೋಗಲೇ ಇಲ್ಲ.

ಆ ರಾತ್ರಿ ನನಗೆ ಸಿಟ್ಟು ಬಂದದ್ದು ಮೊಬೈಲ್ ಟವರ್ ಮೇಲೆ. ಕಲಬುರಗಿಯಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುತ್ತಿರುವುದರಿಂದ ಟವರ್ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತು. ಅದಕ್ಕೆ ಬಿಡದೆ ಕರೆಂಟ್ ಬೇಕು, ಹಿಂದಿನಿಂದ ಡೇಟಾ ತಂದುಕೊಡುವ ಫೈಬರ್ ಕೇಬಲ್ ಬೇಕು. ಕರೆಂಟ್ ಹೋಗಿ ಬ್ಯಾಟರಿಯೂ ಖಾಲಿಯಾದರೆ ಟವರ್ ಬರೀ ಕಬ್ಬಿಣದ ಕಂಬ. ಜನ ಕಡಿಮೆ ಇರುವ ಕಡೆ ಇಷ್ಟೆಲ್ಲ ಖರ್ಚು ಮಾಡಿದರೆ ಕಂಪನಿಗೆ ಲಾಭ ಹುಟ್ಟುವುದಿಲ್ಲ. ಲಾಭವಿಲ್ಲದ ಊರಿಗೂ ಕರೆಂಟು, ನೆಟ್ಟು, ಸುದ್ದಿ ತಲುಪಬೇಕಾದರೆ ಸರ್ಕಾರ ನಿಯಮ ಮಾಡಬೇಕು. ಆ ನಿಯಮ ಹುಟ್ಟುವುದು ಸಂಸತ್ತಿನಲ್ಲಿ. ಅಲ್ಲಿ ಈಚಿನ ವರ್ಷಗಳಲ್ಲಿ ಈ ಮೂರು ವಿಷಯಗಳ ಗತಿ ಏನಾಯಿತು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ.

ಮೊದಲು ದೂರಸಂಪರ್ಕ. 1885ರ ಟೆಲಿಗ್ರಾಫ್ ಕಾಯ್ದೆ ನಮ್ಮನ್ನು 138 ವರ್ಷ ಆಳಿತು. ಅದರ ಜಾಗಕ್ಕೆ ದೂರಸಂಪರ್ಕ ಮಸೂದೆ 2023ರ ಡಿಸೆಂಬರ್ 18ರಂದು ಲೋಕಸಭೆಗೆ ಬಂತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ ಒಪ್ಪಿಗೆ ಕೊಟ್ಟವು. ನಾಲ್ಕೇ ದಿನ! ಸ್ಥಾಯಿ ಸಮಿತಿಗೆ ಹೋಗಲಿಲ್ಲ. ಡಿಸೆಂಬರ್ 13ರ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರ ಹೇಳಿಕೆಗೆ ಪಟ್ಟು ಹಿಡಿದು ಗದ್ದಲ ಮಾಡಿದ್ದಕ್ಕೆ ಆ ಅಧಿವೇಶನದಲ್ಲಿ ಎರಡೂ ಸದನಗಳ 146 ಸದಸ್ಯರು ಅಮಾನತಾದರು. ವಿರೋಧ ಪಕ್ಷದ ಬೆಂಚುಗಳು ಅರ್ಧ ಖಾಲಿಯಿದ್ದಾಗ ದೇಶದ ಪ್ರತಿ ಮೊಬೈಲಿಗೂ ಸಂಬಂಧಿಸಿದ ಕಾನೂನು ಪಾಸಾಯಿತು.

ಕಾನೂನಿನಲ್ಲಿ ಒಳ್ಳೆಯದಿಲ್ಲವೇ? ಇದೆ. ಹಳ್ಳಿಗಳಿಗೆ ಸಂಪರ್ಕ ಕೊಡಲು ಇದ್ದ ಹಳೆಯ ನಿಧಿ ಈಗ ‘ಡಿಜಿಟಲ್ ಭಾರತ್ ನಿಧಿ’ ಆಗಿದೆ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯ ಒಟ್ಟು ಆದಾಯದ ಶೇ 5ರಷ್ಟನ್ನು ಇದಕ್ಕೆ ಕೊಡುತ್ತ ಬಂದಿವೆ. ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಭಾರತ್‌ನೆಟ್ ಯೋಜನೆಗೆ ಹಣ ಬರುವುದೂ ಇದರಿಂದಲೇ. ನಮ್ಮಂಥ ತಾಲ್ಲೂಕುಗಳ ಪಾಲಿಗೆ ಇದು ಜೀವದ ಗಂಟು. ಅದೇ ಕಾನೂನು ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ಇಂಟರ್ನೆಟ್ ನಿಲ್ಲಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಡುತ್ತದೆ. 2021ರಲ್ಲಿ ರಾಜಸ್ಥಾನದ ಶಿಕ್ಷಕರ ಅರ್ಹತಾ ಪರೀಕ್ಷೆಯ ದಿನ ಹಲವು ಜಿಲ್ಲೆಗಳಲ್ಲಿ ಇಂಟರ್ನೆಟ್ ಬಂದ್ ಮಾಡಿದ್ದು ನೌಕರಿ ಹುಡುಕುವವರಿಗೆ ನೆನಪಿರಬೇಕು. ನಿಧಿಯ ಹಣ ಯಾವ ಊರಿಗೆ ಎಷ್ಟು ಹೋಗಬೇಕು, ನೆಟ್ ನಿಂತ ದಿನದ ನಷ್ಟ ಯಾರದು ಎಂದು ನಿಧಾನವಾಗಿ ಕೇಳಬೇಕಾದ ಪ್ರಶ್ನೆಗಳಿದ್ದವು. ಅದಕ್ಕೆ ಹೊತ್ತೇ ಸಿಗಲಿಲ್ಲ.

ಎರಡನೆಯದು ವಿದ್ಯುತ್. ಇದು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರ, ರಾಜ್ಯ ಎರಡಕ್ಕೂ ಕಾನೂನು ಮಾಡುವ ಹಕ್ಕಿದೆ. 2022ರ ಆಗಸ್ಟ್ 8ರಂದು ವಿದ್ಯುತ್ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು, ಇರುವ ತಂತಿಯನ್ನೇ ಬಳಸಿ ಕರೆಂಟ್ ಮಾರಬಹುದು ಎಂಬುದು ಅದರ ಮುಖ್ಯ ಮಾತು. ಸ್ಪರ್ಧೆ ಬಂದರೆ ಸೇವೆ ಸುಧಾರಿಸುತ್ತದೆ ಎಂಬುದು ಸರ್ಕಾರದ ವಾದ. ಹೆಚ್ಚು ಬಿಲ್ ಕಟ್ಟುವ ಗ್ರಾಹಕರನ್ನು ಖಾಸಗಿಯವರು ಆರಿಸಿಕೊಂಡು ಹೋದರೆ ಉಳಿದವರ ಗತಿ ಏನು ಎಂಬುದು ರೈತರ, ವಿದ್ಯುತ್ ನೌಕರರ ಪ್ರಶ್ನೆ. ಈ ಎರಡನೆಯ ಪ್ರಶ್ನೆ ನಮ್ಮ ಮನೆಯದು. ನಮ್ಮಪ್ಪನ ಹೊಲದ ಪಂಪ್‌ಸೆಟ್ಟಿಗೆ ಬಿಲ್ ಬರುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಖರ್ಚನ್ನು ರಾಜ್ಯ ಸರ್ಕಾರ ಭರಿಸುತ್ತದೆ. ಇನ್ನೊಂದು ಕಡೆ ಕಾರ್ಖಾನೆಗಳು ಹೆಚ್ಚು ದರ ಕೊಟ್ಟು ಉಳಿದವರ ಹೊರೆ ಇಳಿಸುತ್ತವೆ. ದೊಡ್ಡ ಗ್ರಾಹಕರು ಬೇರೆ ಕಂಪನಿಗೆ ಹೋದರೆ ಜೆಸ್ಕಾಂನಂಥ ಸರ್ಕಾರಿ ಕಂಪನಿಯ ಕೈಯಲ್ಲಿ ಪಂಪ್‌ಸೆಟ್ಟು, ಹಳ್ಳಿ ಮನೆಗಳಷ್ಟೇ ಉಳಿಯುತ್ತವೆ.

ಈ ಮಸೂದೆಯನ್ನು ಬಂದ ದಿನವೇ ಸ್ಥಾಯಿ ಸಮಿತಿಗೆ ಕಳಿಸಲಾಯಿತು. ಅದು ಸರಿಯಾದ ದಾರಿ. ಆದರೆ ಸದನದಲ್ಲಿ ಪೂರ್ಣ ಚರ್ಚೆ ಆಗುವ ಮೊದಲೇ 2024ರಲ್ಲಿ 17ನೇ ಲೋಕಸಭೆಯ ಅವಧಿ ಮುಗಿದು ಮಸೂದೆಯೂ ಬಿದ್ದುಹೋಯಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರವು ಮತ್ತೊಂದು ಕರಡು ಹೊರತಂದಿತು. ಕಾರ್ಖಾನೆ, ರೈಲ್ವೆಗಳ ಮೇಲಿನ ಅಡ್ಡ ಸಬ್ಸಿಡಿ ಹೊರೆಯನ್ನು ಐದು ವರ್ಷದಲ್ಲಿ ತೆಗೆದುಹಾಕುವ ಪ್ರಸ್ತಾವ ಅದರಲ್ಲಿದೆ. ಕಾರ್ಖಾನೆ ಬಂದರೆ ನಮಗೇ ನೌಕರಿ, ನಿಜ. ಅಪ್ಪನ ಹೊಲದ ಲೆಕ್ಕವನ್ನು ಆಗ ಯಾರು ತುಂಬುತ್ತಾರೆ?

ಮೂರನೆಯದು ಪ್ರಸಾರ. ಇದರಲ್ಲಿ ನಮ್ಮ ಜಿಲ್ಲೆಗೆ ಒಂದು ಇತಿಹಾಸವಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್–6 ಉಪಗ್ರಹದ ಮೂಲಕ ದೇಶದ 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಬಂದವು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ನಮ್ಮ ಮುತ್ತ್ಯಾ ಬೀಗರ ಊರಿಗೆ ಹೋದಾಗ ಶಾಲೆಯ ಮುಂದೆ ಕುಂತು ಅದನ್ನು ನೋಡಿದ್ದನಂತೆ. ‘ಕೋಳಿ ಬಲಿ ಹಂಗ ಜಾಳಗಿ ಛತ್ರಿ ಇತ್ತು, ಡಬ್ಬ್ಯಾಗ ಮಂದಿ ಕನ್ನಡ ಮಾತಾಡ್ತಿದ್ರು’ ಎಂದು ಈಗಲೂ ಹೇಳುತ್ತಾನೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬರುವ ಮೊದಲೇ ನಮ್ಮ ಹಳ್ಳಿಗಳು ಟಿ.ವಿ. ನೋಡಿದ್ದವು. ಹಿಂದುಳಿದ ಕಡೆಗೇ ಮೊದಲು ಕೊಡಬೇಕು ಎಂದು ಆಳುವವರು ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ.

ಈಗ ನಮ್ಮ ಹುಡುಗರೇ ಮೊಬೈಲ್ ಹಿಡಿದು ಕಲಬುರಗಿ ಕನ್ನಡದಲ್ಲಿ ವಿಡಿಯೊ ಮಾಡುತ್ತಾರೆ, ಹಾಳಾದ ರಸ್ತೆ ತೋರಿಸುತ್ತಾರೆ. 2023ರ ನವೆಂಬರ್‌ನಲ್ಲಿ ಪ್ರಸಾರ ಸೇವೆಗಳ ಮಸೂದೆಯ ಕರಡು ಬಂತು. 2024ರಲ್ಲಿ ತಿದ್ದಿದ ಕರಡಿನಲ್ಲಿ ಇಂಥ ವಿಡಿಯೊ ಮಾಡುವವರನ್ನೂ ನಿಯಂತ್ರಣದೊಳಗೆ ತರುವ ಅಂಶವಿದೆ ಎಂದು ಸುದ್ದಿಯಾಯಿತು. ಆದರೆ ಆ ಪ್ರತಿ ಎಲ್ಲರಿಗೂ ಸಿಗಲಿಲ್ಲ, ಆಯ್ದ ಕೆಲವರ ಕೈಗಷ್ಟೇ ಹೋಗಿತ್ತು. ಟೀಕೆ ಬಂದ ಮೇಲೆ ಆಗಸ್ಟ್‌ನಲ್ಲಿ ವಾಪಸ್ ಪಡೆಯಲಾಯಿತು. ಕರಡು ಮಸೂದೆಯನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂಬ ನೀತಿಯನ್ನು ಕೇಂದ್ರ ಸರ್ಕಾರವೇ 2014ರಲ್ಲಿ ಒಪ್ಪಿಕೊಂಡಿದೆ. ಅದು ಕಾಗದದ ಮೇಲೆ ಉಳಿದರೆ ಏನು ಬಂತು?

ಒಂದು ಮಸೂದೆ ನಾಲ್ಕು ದಿನದಲ್ಲಿ ಪಾಸು, ಇನ್ನೊಂದು ಚರ್ಚೆಯಿಲ್ಲದೆ ಬಿತ್ತು, ಮತ್ತೊಂದು ಸದನದ ಬಾಗಿಲನ್ನೂ ಮುಟ್ಟಲಿಲ್ಲ. 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಸುಮಾರು ಶೇ 16 ಮಾತ್ರ. ತಪ್ಪು ಒಂದೇ ಕಡೆಯದೆಂದು ನಾನು ಹೇಳುವುದಿಲ್ಲ. ಅವಸರ ಆಳುವವರದಾದರೆ, ಮಾತಾಡಬೇಕಾದ ಹೊತ್ತನ್ನು ಘೋಷಣೆಯಲ್ಲಿ ಕಳೆಯುವುದು ವಿರೋಧ ಪಕ್ಷದವರ ಚಾಳಿ. ಇಬ್ಬರ ನಡುವೆ ಬಡವಾಗುವವರು ನಾವು.

‘ಸಂಸತ್ತಿನ ಮಾತಿನಿಂದ ನಮಗೇನು ಸಿಗ್ತದ?’ ಎಂದು ಹಾಸ್ಟೆಲ್ ಗೆಳೆಯರು ಕೇಳುತ್ತಾರೆ. ನನಗೆ ಈ ಬಿ.ಇ. ಸೀಟು ಸಿಕ್ಕಿದ್ದೇ 371(ಜೆ) ಅಡಿಯಲ್ಲಿ. ದಶಕಗಳ ಹೋರಾಟದ ಬಳಿಕ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಆ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಾಗ ನಾನಿನ್ನೂ ಅಕ್ಷರ ತಿದ್ದುವ ಹುಡುಗ.

ನಾವೇನು ಮಾಡಬಹುದು? ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ವಿದ್ಯುತ್ ನಿಯಂತ್ರಣ ಆಯೋಗ ಕಲಬುರಗಿಯಲ್ಲೇ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಹೋಗಿ ಕನ್ನಡದಲ್ಲೇ ಕೇಳೋಣ. ಕರಡು ಮಸೂದೆಗಳು ಕನ್ನಡದಲ್ಲೂ ಬರಲಿ ಎಂದು ಸಂಸದರಿಗೆ ಪತ್ರ ಬರೆಯೋಣ. ಓಟು ಕೇಳಲು ಬಂದವರಿಗೆ ‘ಆ ಮಸೂದೆ ಬಂದಾಗ ನೀವು ಏನು ಮಾತಾಡಿದಿರಿ?’ ಎನ್ನೋಣ.

ಅಕ್ಕ ಈಗ ಮತ್ತೊಂದು ಅಧಿಸೂಚನೆಗೆ ಕಾಯುತ್ತಿದ್ದಾಳೆ. ಅರ್ಜಿ ಶುರುವಾದ ದಿನವೇ ಬಸ್ ಹತ್ತಿ ಜೇವರ್ಗಿ ದಾಟಿ ಕಲಬುರಗಿಗೆ ಬಂದು ತುಂಬುತ್ತಾಳಂತೆ. ಬಸ್ ಹತ್ತದೆ, ಮನೆಯಲ್ಲೇ ಕುಂತು ಅವಳು ಅರ್ಜಿ ಹಾಕುವ ದಿನ ಬರಬೇಕು.